ಇನ್ನೊಬ್ಬನ ಅಚ್ಚು

ಬಾತ್‌ರೂಮಿನ ಜಾಲರಿಗೆ ಸಿಕ್ಕಿಕೊಂಡಿದ್ದ ಕೂದಲಿನ ಉಂಡೆ ತನ್ನದೇ ಎಂದು ರಾಜಗೋಪಾಲನಿಗೆ ಗೊತ್ತಿತ್ತು. ಹೆಂಡತಿ ಮಾನಸಳದು ಉದ್ದ ಕೂದಲು, ಮಗ ಸಾಗರನದು ಗುಂಗುರು. ಈ ಮೋಟು, ಅರೆಬಿಳಿ, ನೊರೆಯಲ್ಲಿ ನೆನೆದು ಸತ್ತ ಹುಳುವಿನ ಹಾಗೆ ಮುದುಡಿಕೊಂಡಿದ್ದದ್ದು ಅವನ ನಲವತ್ತೇಳು ವರ್ಷದ ತಲೆಯಿಂದ ಉದುರಿದ್ದೇ. ಆದರೂ ಕೈಯಿಂದ ಎತ್ತಿ ಬಿಸಾಡಲು ಆಗಲಿಲ್ಲ. ಕಾಲಿನ ಹೆಬ್ಬೆರಳಿನಿಂದ ಮೂಲೆಗೆ ತಳ್ಳಿ ನೀರು ಬಿಟ್ಟ. ಅದು ತೇಲಿಕೊಂಡು ಮತ್ತೆ ಜಾಲರಿಗೇ ಬಂತು. ಬಾಯಲ್ಲಿದ್ದ ಪೇಸ್ಟನ್ನು ಅದರ ಮೇಲೇ ಉಗಿದು, ಕನ್ನಡಿಯತ್ತ ತಿರುಗಿ, ಭಾಷಣದ ಮೊದಲ ಸಾಲನ್ನು ಇಂಗ್ಲಿಷಿನಲ್ಲಿ ಮೂರನೆಯ ಸಲ ಹೇಳಿಕೊಂಡ: ಸಾವಿರದ ಎಂಟುನೂರ ಎಂಬತ್ತೊಂದರಲ್ಲಿ ಪ್ಯಾರಿಸಿನ ಒಂದು ಅಂಗಡಿಯಲ್ಲಿ ಒಬ್ಬ ಶ್ರೀಮಂತ ಯುವಕ ಒಂದು ಆಟಿಕೆ ಉಗಿಯಂತ್ರವನ್ನು ನೋಡಿದ. ಕನ್ನಡಿಯಲ್ಲಿದ್ದವನು ಬಾಯಿಯ ಅಂಚಿನಲ್ಲಿ ಬಿಳಿ ನೊರೆ ಇಟ್ಟುಕೊಂಡು ತನ್ನನ್ನೇ ಮೆಚ್ಚಿಕೊಳ್ಳುತ್ತಿದ್ದಾನೆ ಅನ್ನಿಸಿ ಬಾಯಿ ಒರೆಸಿಕೊಂಡ. ಹೊರಗಿನಿಂದ ಮಾನಸ, "ಎಷ್ಟೊತ್ರೀ? ಹತ್ತು ಗಂಟೆಗಲ್ವಾ ಫಂಕ್ಷನ್ನು?" ಎಂದಳು.

ಕ್ರೀಮ್ ಬಣ್ಣದ ಅಂಗಿಗೆ ಇಸ್ತ್ರಿ ಹಾಕಿ ಅವಳು ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದಳು. ಸಾಗರ್ ಶಾಲೆಯ ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ಸಿಗೆ ಕಾಯುತ್ತ, ಫೋನಿನಿಂದ ತಲೆ ಎತ್ತದೆ, "ಅಪ್ಪಾ, ಯು ಮೇಡ್ ದಟ್ ಎಂಜಿನ್ ರನ್, ರೈಟ್? ಐ ಟೋಲ್ಡ್ ಮೈ ಸರ್," ಎಂದ. ರಾಜಗೋಪಾಲ ಇಡ್ಲಿಯನ್ನು ಚಟ್ನಿಯಲ್ಲಿ ಅದ್ದಿದವನು ಹಾಗೇ ಬಿಟ್ಟ. ಚಟ್ನಿ ನೆನೆದ ಇಡ್ಲಿ ತಟ್ಟೆಯಲ್ಲಿ ನಿಧಾನವಾಗಿ ಊದಿಕೊಂಡಿತು. "ಎಲ್ಲಾ ಸೇರಿ ಮಾಡಿದ್ವಿ ಕಣೋ," ಎಂದ. ಆ 'ಎಲ್ಲಾ ಸೇರಿ'ಯಲ್ಲಿ ಇದ್ದ ಜಾಣತನ ಅವನಿಗೇ ನಾಲಗೆಯ ಮೇಲೆ ಎಣ್ಣೆಯ ಹಾಗೆ ಅಂಟಿತು. ಸುಳ್ಳಾದರೆ ಸುಳ್ಳು ಅನ್ನಬಹುದಿತ್ತು. ಇದು ಸುಳ್ಳೂ ಅಲ್ಲ. ಎಲ್ಲರೂ ಸೇರಿದ್ದು ನಿಜ. ಆದರೆ ಓಡುವ ಹಾಗೆ ಮಾಡಿದವನು ದೂಮಪ್ಪ ಒಬ್ಬನೇ.

ದೂಮಪ್ಪ ಗಲ್ಫಿನ ಈ ಊರಿನ ವಾದಿ ಕಬೀರ್ ಬಡಾವಣೆಯಲ್ಲಿದ್ದ ಕಂಪನಿಯ ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದವನು. ರಾಜಗೋಪಾಲ ಮೈಸೂರಿನಿಂದ ಟೆಕ್ನಿಕಲ್ ಮ್ಯಾನೇಜರಾಗಿ ಬರುವ ಹೊತ್ತಿಗಾಗಲೇ ಅಲ್ಲಿನ ಲೇತಿನ ಪಕ್ಕ ಒಂದು ಕಂಬದ ಹಾಗೆ ನಿಂತಿದ್ದವನು. ಬಂಟ್ವಾಳದ ಕಡೆಯವನು, ಏಳನೇ ಕ್ಲಾಸು. ಕಳೆದ ಆಗಸ್ಟಿನಲ್ಲಿ ಕಂಪನಿಯ ಯಜಮಾನರು, ಎಲ್ಲರೂ ಅರ್ಬಾಬ್ ಎಂದು ಕರೆಯುವ ಮುದುಕರು, ಯೂರೋಪಿನ ಹರಾಜಿನಲ್ಲಿ ಕೊಂಡ ಒಂದು ಹಳೆಯ ಎಂಜಿನ್ನು ಮರದ ಪೆಟ್ಟಿಗೆಯಲ್ಲಿ ಬಂತು. ಸಾವಿರದ ಎಂಟುನೂರ ತೊಂಬತ್ತೊಂಬತ್ತರದು, ಒಂದೇ ಸಿಲಿಂಡರು, ಮೂರು ಚಕ್ರದ ಬೈಸಿಕಲ್ಲಿಗೆ ಕಟ್ಟುತ್ತಿದ್ದದ್ದು. ಅರ್ಧ ಸಾಮಾನು ಇರಲಿಲ್ಲ, ನಕ್ಷೆ ಇರಲಿಲ್ಲ. ಗಾಳಿಯೂ ಪೆಟ್ರೋಲೂ ಒಳಗೆ ಬರುವ ವಾಲ್ವನ್ನು ತೆರೆಯಲು ಆ ಕಾಲದ ಎಂಜಿನ್ನಿನಲ್ಲಿ ಯಾವ ಸನ್ನೆಕೋಲೂ ಇರಲಿಲ್ಲ. ಪಿಸ್ಟನ್ನು ಕೆಳಗಿಳಿಯುವಾಗಿನ ಎಳೆತಕ್ಕೆ ಅದು ತಾನಾಗಿ ತೆರೆದುಕೊಳ್ಳಬೇಕು. ಅದನ್ನು ಮುಚ್ಚಿ ಹಿಡಿಯುವ ಸ್ಪ್ರಿಂಗು ಬಿಗಿಯಾದರೆ ತೆರೆಯುವುದಿಲ್ಲ, ಸಡಿಲವಾದರೆ ಮುಚ್ಚುವುದಿಲ್ಲ. ಆ ಸ್ಪ್ರಿಂಗೇ ಕಳೆದುಹೋಗಿತ್ತು. ರಾಜಗೋಪಾಲ ಎರಡು ತಿಂಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ. ಅವನ ಲೆಕ್ಕದ ಪ್ರಕಾರ ಮಾಡಿಸಿದ ನಾಲ್ಕು ಸ್ಪ್ರಿಂಗೂ ಕೆಲಸ ಮಾಡಲಿಲ್ಲ. ದೂಮಪ್ಪ ನಾಲ್ಕನ್ನೂ ನೋಡಿ, ಡ್ರಾಯರಿಗೆ ಹಾಕಿ, ತೆಳ್ಳಗಿನ ತಂತಿ ಸುತ್ತಿ ತಾನೇ ಒಂದು ಮಾಡಿದ, ಇನ್ನೊಂದು ಮಾಡಿದ, ಹನ್ನೊಂದು ಮಾಡಿದ. ಪ್ರತಿಯೊಂದನ್ನೂ ಹಾಕಿ, ಕೈಯಿಂದ ಎಂಜಿನ್ನು ತಿರುಗಿಸಿ, ಕಿವಿಯನ್ನು ಸಿಲಿಂಡರಿಗೆ ತಾಗಿಸಿ ಕೇಳಿದ. "ಇದು ಉಸಿರು ತೆಗೀಲಿಕ್ಕೆ ಕಷ್ಟ ಪಡ್ತಾ ಉಂಟು ಸಾರ್," ಎನ್ನುತ್ತಿದ್ದ. ಏಪ್ರಿಲಿನ ಒಂದು ಮಧ್ಯಾಹ್ನ ಅದು ಹೊತ್ತಿತು. ಮೊದಲು ಕೆಮ್ಮಿ, ನೀಲಿ ಹೊಗೆ ಕಾರಿ, ಆಮೇಲೆ ಹೊಲಿಗೆ ಯಂತ್ರದ ಹಾಗೆ ಟಕಟಕ ಓಡಿತು. ದೂಮಪ್ಪ ಹಲ್ಲೆಲ್ಲ ತೋರಿಸಿ ನಕ್ಕು, ಎರಡೂ ಕೈಯಿಂದ ರಾಜಗೋಪಾಲನ ಬಲಗೈಯನ್ನು ಹಿಡಿದು ಜಗ್ಗಿಬಿಟ್ಟ.

ಆ ಕೈ. ಉಗುರಿನ ಸುತ್ತ ಕಪ್ಪು ಗ್ರೀಸು ಚರ್ಮವೇ ಆಗಿಹೋಗಿದ್ದ, ಮಧ್ಯಾಹ್ನ ಸ್ಟೀಲ್ ಡಬ್ಬಿಯಿಂದ ಒಣಮೀನಿನ ಚಟ್ನಿ ಬಳಿದು ತಿಂದಿದ್ದ ಕೈ. ರಾಜಗೋಪಾಲ ನಕ್ಕ, "ಸೂಪರ್ ದೂಮಪ್ಪ" ಎಂದ, ಎರಡು ನಿಮಿಷ ತಡೆದುಕೊಂಡ, ಆಮೇಲೆ ವಾಶ್‌ರೂಮಿಗೆ ಹೋಗಿ ಮೂರು ಸಲ ಸೋಪು ಹಚ್ಚಿ ತೊಳೆದ. ಮೂರನೆಯ ಸಲ ಮೂಸಿ ನೋಡುತ್ತಿದ್ದಾಗ ತಲೆ ಎತ್ತಿದರೆ ಕನ್ನಡಿಯಲ್ಲಿ, ಅರೆತೆರೆದ ಬಾಗಿಲಿನಾಚೆ, ದೂಮಪ್ಪ ಬನಿಯನ್ ಚೂರಿನಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ನಂಜನಗೂಡಿನ ಮನೆಯಲ್ಲಿ ಪಂಪು ರಿಪೇರಿಗೆ ಬರುತ್ತಿದ್ದವನಿಗೆ ಅಮ್ಮ ಅಂಬುಜಮ್ಮ ಹಿತ್ತಲ ಮೆಟ್ಟಿಲ ಮೇಲೆ ಕಾಫಿ ಎತ್ತಿ ಹೊಯ್ಯುತ್ತಿದ್ದಳು. ಅವನು ಹೋದಮೇಲೆ ಆ ಲೋಟಕ್ಕೆ ದೂರದಿಂದ ನೀರು ಚೆಲ್ಲುವ ಕೆಲಸ ಎಂಟು ವರ್ಷದ ರಾಜಗೋಪಾಲನದು. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಎಲ್ಲರ ಜೊತೆ ಎಲ್ಲವನ್ನೂ ತಿಂದು ಕುಡಿದು ಅದನ್ನೆಲ್ಲ ದಾಟಿಬಂದೆ ಎಂದುಕೊಂಡಿದ್ದವನಿಗೆ, ಮೂಸುತ್ತಿದ್ದ ಕೈಯನ್ನು ಕೆಳಗಿಳಿಸುವಾಗ, ದಾಟಿದ್ದು ಬರೀ ಬಾಯಿ, ಚರ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತಿದೆ ಅನ್ನಿಸಿತ್ತು. ಅದೇ ಸಂಜೆ ಕೂತು ರಿಪೋರ್ಟು ಬರೆದ. "ಸ್ಪ್ರಿಂಗಿನ ಬಿಗಿತವನ್ನು ಪುನರ್ವಿನ್ಯಾಸಗೊಳಿಸಲಾಯಿತು" ಎಂದು ಬರೆದ. ಯಾರಿಂದ ಎಂದು ಬರೆಯಲಿಲ್ಲ. ಕೆಳಗೆ ಅವನ ಸಹಿ ಇತ್ತು, ಅಷ್ಟೆ.

ಕಾರು ಅಲ್ ಮವಾಲೇಹ್‌ನ ಸರ್ವಿಸ್ ರಸ್ತೆಗೆ ತಿರುಗಿತು. ಮನೆಯಿಂದ ಹತ್ತು ನಿಮಿಷ. ಹಿಂದೆ ತರಕಾರಿ ಗೋದಾಮಾಗಿದ್ದ ಕಟ್ಟಡವನ್ನು ಅರ್ಬಾಬರ ಮಗಳು ಜುವೈರಿಯಾ ಹಳೆಯ ಎಂಜಿನ್ನುಗಳ ಹಾಲ್ ಮಾಡಿಸಿದ್ದಳು. ಅವಳೂ ಮೆಕ್ಯಾನಿಕಲ್ ಓದಿದವಳು, ಇಪ್ಪತ್ತೊಂಬತ್ತರ ಹುಡುಗಿ. ಅಬಾಯಾದ ತೋಳು ಮಡಿಚಿ ಬೋಲ್ಟು ಬಿಗಿಮಾಡಲು ನಿಲ್ಲುವವಳು. ಗೋಡೆಗೆ ಬಿಳಿ ಬಣ್ಣ, ನೆಲಕ್ಕೆ ಹೊಳೆಯುವ ಎಪಾಕ್ಸಿ, ಮೂಲೆಗಳಲ್ಲಿ ಸಲಾಲಾದ ಲೋಬಾನದ ಹೊಗೆ. ಆದರೆ ಎಸಿ ತಿರುಗಿದಾಗಲೆಲ್ಲ ಲೋಬಾನದ ಅಡಿಯಿಂದ, ವರ್ಷಗಟ್ಟಲೆ ಕೊಳೆತು ನೆಲಕ್ಕಿಳಿದ ಈರುಳ್ಳಿಯ ವಾಸನೆ ಸಣ್ಣಗೆ ಏಳುತ್ತಿತ್ತು. ಬೇರೆ ಯಾರಿಗೂ ಅದು ತಟ್ಟಿದ ಹಾಗೆ ಕಾಣಲಿಲ್ಲ. ನಡುವಿನ ಕಟ್ಟೆಯ ಮೇಲೆ ಎಂಜಿನ್ನು ನಿಂತಿತ್ತು, ಒಂದು ಕೊಡಕ್ಕಿಂತ ದೊಡ್ಡದಲ್ಲ, ರೆಕ್ಕೆರೆಕ್ಕೆಯ ಸಿಲಿಂಡರು ಒರೆಸಿ ಒರೆಸಿ ಮಿರುಗುತ್ತಿತ್ತು. ಅದರ ಕೆಳಗೆ ಹಿತ್ತಾಳೆಯ ಫಲಕ, ಅರಬಿಯಲ್ಲೂ ಇಂಗ್ಲಿಷಿನಲ್ಲೂ: ಮರುಜೀವ ಕೊಟ್ಟವರು, ಇಂಜಿನಿಯರ್ ರಾಜಗೋಪಾಲ. ರಿಪೋರ್ಟು ಓದಿ ಜುವೈರಿಯಾ ತಾನೇ ಮಾಡಿಸಿದ್ದು. ಮೇ ತಿಂಗಳಲ್ಲಿ ಕರಡು ಕಳಿಸಿ "ಸ್ಪೆಲಿಂಗ್ ಸರಿ ಇದೆಯಾ?" ಎಂದು ಕೇಳಿದ್ದಳು. ಅವನು ಸ್ಪೆಲಿಂಗು ಮಾತ್ರ ನೋಡಿ ಸರಿ ಇದೆ ಎಂದಿದ್ದ.

ಫಲಕದ ಮುಂದೆ ನಿಂತಾಗ ರೋಸ್ ನೆನಪಾದಳು. ಎಚ್‌ಆರ್‌ನಲ್ಲಿರುವ ಉಡುಪಿ ಕಡೆಯ ರೋಸ್, ಮೂರು ವಾರದ ಹಿಂದೆ ಅವನ ಕ್ಯಾಬಿನ್ನಿಗೆ ಬಂದು ಬಾಗಿಲು ಮುಚ್ಚಿದ್ದಳು. ಐವತ್ತೈದು ದಾಟಿದವರಲ್ಲಿ ಯಾರ ವೀಸಾ ಮುಂದುವರಿಸಬೇಕು ಎಂದು ಅವನು ಪಟ್ಟಿ ಮಾಡಿಕೊಡಬೇಕಿತ್ತು. ಉಳಿದವರಿಗೆ ಜೂನ್ ಕೊನೆಗೆ ಖಲಾಸ್. ಅವನು ಆರು ಹೆಸರು ಬರೆದುಕೊಟ್ಟಿದ್ದ. "ಸರ್, ದೂಮಣ್ಣನ ಹೆಸರು ಬಿಟ್ಟುಹೋಗಿದೆ ಅಂತ ಕಾಣ್ತದೆ. ನಾನು ಸೇರಿಸ್ಲಾ?" ಎಂದು ಅವಳು ಪೆನ್ನು ತೆರೆದೇ ಕೇಳಿದ್ದಳು. "ಬಿಟ್ಟುಹೋಗಿಲ್ಲ," ಎಂದಿದ್ದ. "ಬಿಟ್ಟಿದ್ದೀನಿ. ಕಣ್ಣು ಸ್ವಲ್ಪ ಮಂಜು ಅವರಿಗೆ. ಸೇಫ್ಟಿ ವಿಷಯ." ಕಣ್ಣಿನ ಮಾತು ಎಲ್ಲಿಂದ ಬಂತೋ. ದೂಮಪ್ಪ ಸೂಜಿಗೆ ಕೂದಲು ಪೋಣಿಸುವಂಥವನು. ರೋಸ್ ಪೆನ್ನಿನ ಮುಚ್ಚಳ ಹಾಕಿ, "ಆಯ್ತು ಸರ್," ಎಂದು ಹೋದಳು. ಮುಚ್ಚಳ ಹಾಕಿದ ಸದ್ದು ಮಾತ್ರ ಉಳಿಯಿತು. ಅವನು ಯಾಕೆ ಬಿಟ್ಟ ಎಂದು ಅವನಿಗೆ ಆಗಲೂ ಗೊತ್ತಿತ್ತು: ದೂಮಪ್ಪ ಆ ಲೇತಿನ ಪಕ್ಕ ಇರುವಷ್ಟು ದಿನ ಫಲಕದ ಮೇಲಿನ ಅಕ್ಷರ ಒಣಗುವುದಿಲ್ಲ. ಹೋಗಿಬಿಟ್ಟರೆ ಒಣಗುತ್ತದೆ. ಇಷ್ಟು ಸರಳ. ಇಷ್ಟು ಸರಳವಾದದ್ದನ್ನು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡು ಊಟ ಮಾಡುತ್ತಿದ್ದೇನಲ್ಲ ಎಂದು ಹೇಸಿಗೆಯಾಯಿತು. ಹೇಸಿಗೆಯಾದರೂ ಊಟ ಸೇರುತ್ತಿತ್ತು ಎಂದು ಇನ್ನಷ್ಟು ಹೇಸಿಗೆಯಾಯಿತು.

ಜನ ಸೇರಿದರು. ಬಿಳಿ ದಿಶ್‌ದಾಶಾ ನಿಲುವಂಗಿ ತೊಟ್ಟ ಹಿರಿಯರು, ಕಂಪನಿಯ ಆಫೀಸಿನವರು, ಗೋಡೆಯ ಬದಿಗೆ ವರ್ಕ್‌ಶಾಪಿನ ಹತ್ತು ಮಂದಿ. ಅವರ ನಡುವೆ ದೂಮಪ್ಪ, ನೀಲಿ ಗೆರೆಯ ಹೊಸ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಮದುವೆ ಮನೆಗೆ ಬಂದವನ ಹಾಗೆ ಕೈಕಟ್ಟಿ ನಿಂತಿದ್ದ. ಶನಿವಾರ ಅವನ ವಿಮಾನ. ರಾಜಗೋಪಾಲ ಮೈಕು ಹಿಡಿದು ಶುರುಮಾಡಿದ. ಆಟಿಕೆ ನೋಡಿದ ಶ್ರೀಮಂತ ಯುವಕ ದಿಯೋನ್. ಇದನ್ನು ಮಾಡಿದವರು ಯಾರು ಎಂದು ಅವನು ಕೇಳಿದ. ಮಾಡಿದವರು ಬುತೋನ್ ಮತ್ತು ತ್ರೆಪಾರ್ದೂ, ಭಾವಮೈದುನರು, ಆಟಿಕೆ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಬಡ ಕುಶಲಿಗಳು. ಮೂವರೂ ಸೇರಿ ಕಂಪನಿ ಕಟ್ಟಿದರು. ಮೊದಲು ಉಗಿಯ ಗಾಡಿಗಳು, ಆಮೇಲೆ ಪೆಟ್ರೋಲಿನ ಈ ಪುಟ್ಟ ಎಂಜಿನ್ನು. ಇದು ನಿಮಿಷಕ್ಕೆ ಸಾವಿರದೈನೂರು ಸುತ್ತು ತಿರುಗಿದಾಗ ಆ ಕಾಲದವರು ನಂಬಲಿಲ್ಲ. ಯೂರೋಪಿನ ಎಷ್ಟೋ ಕಂಪನಿಗಳು ಇದನ್ನೇ ಕೊಂಡು, ಇದನ್ನೇ ನಕಲು ಮಾಡಿ ಬೆಳೆದವು. ಇಲ್ಲಿಯ ತನಕ ನಾಲಗೆ ಸಲೀಸಾಗಿ ಓಡಿತು. ಮುಂದಿನ ಹಾಳೆಯಲ್ಲಿ, ಹದಿನೈದು ದಿನದ ಹಿಂದೆ ತಾನೇ ಟೈಪು ಮಾಡಿದ್ದ ಸಾಲುಗಳಿದ್ದವು: ತ್ರೆಪಾರ್ದೂಗೆ ಉಗಿಯಲ್ಲೇ ನಂಬಿಕೆ, ಪೆಟ್ರೋಲನ್ನು ಒಪ್ಪದೆ ಅವನು ಕಂಪನಿ ಬಿಟ್ಟ, ಹಿಂಬದಿ ಚಕ್ರಗಳಿಗೆ ಅವನು ಯೋಚಿಸಿ ಮಾಡಿದ್ದ ಒಂದು ಬಗೆಯ ಅಚ್ಚನ್ನು ಇವತ್ತಿಗೂ ಇಂಜಿನಿಯರಿಂಗ್ ಪುಸ್ತಕಗಳು ದಿಯೋನ್ ಅಚ್ಚು ಎಂದೇ ಕರೆಯುತ್ತವೆ. ಬರೆಯುವಾಗ ಇದೊಂದು ಸ್ವಾರಸ್ಯದ ಸಂಗತಿಯಾಗಿತ್ತು. ಸಭೆ ನಗುತ್ತದೆ ಎಂದು ಆವರಣದಲ್ಲಿ 'ನಿಲ್ಲಿಸು' ಎಂದೂ ಬರೆದುಕೊಂಡಿದ್ದ. ಈಗ ಆ ಸಾಲು ಓದಿ ನಿಲ್ಲಿಸಿದ, ಯಾರೂ ನಗಲಿಲ್ಲ. ಎಸಿ ತಿರುಗಿ ಈರುಳ್ಳಿಯ ವಾಸನೆ ಬಂತು. ತನ್ನ ಕಂಕುಳಿನಿಂದ ಬೆವರು ಅಂಗಿಯೊಳಗೆ ಒಂದೊಂದೇ ಹನಿ ಇಳಿಯುವುದು, ಅದು ಸೊಂಟದ ಪಟ್ಟಿಯ ಹತ್ತಿರ ನಿಲ್ಲುವುದು, ಎಲ್ಲವೂ ಗೊತ್ತಾಗುತ್ತಿತ್ತು. ಭಾಷಣದ ಉಳಿದ ಒಂದು ಪುಟವನ್ನು ಬಿಟ್ಟು, "ಈಗ ಎಂಜಿನ್ ನೋಡೋಣ," ಎಂದ.

ಎಂಜಿನ್ನು ಹೊತ್ತಲಿಲ್ಲ. ಒಂದು ಸಲ ಹ್ಯಾಂಡಲ್ ತಿರುಗಿಸಿದ, ಎರಡು ಸಲ, ಐದು ಸಲ. ಗಾಬರಿಯಲ್ಲಿ ಪೆಟ್ರೋಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿಬಿಟ್ಟಿದ್ದ. ಕಾರ್ಬ್ಯುರೇಟರು ತುಂಬಿ ಹಿತ್ತಾಳೆಯ ಫಲಕದ ಮೇಲೆ ತೊಟ್ಟಿಕ್ಕತೊಡಗಿತು. ಯಾರೋ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ಅರ್ಬಾಬ್ ಮಗಳ ಕಿವಿಯಲ್ಲಿ ಏನೋ ಕೇಳಿದರು. ಆರನೆಯ ಸಲ ಹ್ಯಾಂಡಲ್ ಹಿಮ್ಮುಖವಾಗಿ ಒದ್ದು ಅವನ ಮಣಿಕಟ್ಟಿಗೆ ಬಡಿಯಿತು. ಹಿಂದಿನಿಂದ, "ಸಾರ್, ಒಂದು ನಿಮಿಷ ಬಿಡಿ," ಎಂಬ ಸ್ವರ ಬಂತು. ದೂಮಪ್ಪ ಹೊಸ ಅಂಗಿಯ ತೋಳನ್ನು ಎರಡು ಮಡಿಕೆ ಮಡಿಚಿ, ನಲ್ಲಿ ಮುಚ್ಚಿ, ಬೆರಳಿನಿಂದ ವಾಲ್ವನ್ನು ಎರಡು ಸಲ ಒತ್ತಿ ಬಿಟ್ಟು, ಒಳಗೆ ಕಟ್ಟಿದ್ದ ಪೆಟ್ರೋಲು ಹೊರಹೋಗುವ ತನಕ ಸುಮ್ಮನೆ ನಿಧಾನವಾಗಿ ಹ್ಯಾಂಡಲ್ ತಿರುಗಿಸುತ್ತ ನಿಂತ. ಆಕಳ ಕೆಚ್ಚಲು ನೀವುವವನ ಹಾಗೆ, ಅಷ್ಟು ಜನ ನೋಡುತ್ತಿದ್ದಾರೆ ಎಂಬುದೇ ಇಲ್ಲದೆ. ಆಮೇಲೆ ನಲ್ಲಿಯನ್ನು ಕಾಲು ಸುತ್ತು ತೆರೆದು ಒಂದೇ ಜಗ್ಗು. ಎಂಜಿನ್ನು ಟಕಟಕ ಓಡಿತು. ಚಪ್ಪಾಳೆ ಬಿತ್ತು. ರಾಜಗೋಪಾಲನೂ ಚಪ್ಪಾಳೆ ತಟ್ಟಿದ. ಮಣಿಕಟ್ಟು ನೋಯುತ್ತಿದ್ದರೂ ತಟ್ಟಿದ.

ಜುವೈರಿಯಾ ಹತ್ತಿರ ಬಂದಳು. ಫಲಕವನ್ನೊಮ್ಮೆ, ದೂಮಪ್ಪನ ಕೈಯನ್ನೊಮ್ಮೆ ನೋಡಿದಳು. ಎಂಜಿನ್ನಿನ ಸದ್ದಿನ ಮೇಲೆ ಗಲ್ಫಿನ ಹಿಂದಿಯಲ್ಲಿ ಕೇಳಿದಳು: "ಚಾಚಾ, ಸ್ಪ್ರಿಂಗ್ ಕಿಸ್‌ನೇ ಬನಾಯಾ? ಆಪ್‌ನೇ?" ಸ್ಪ್ರಿಂಗು ಯಾರು ಮಾಡಿದ್ದು, ನೀವಾ?

ಹೇಳಲಿ, ಎಂದುಕೊಂಡ ರಾಜಗೋಪಾಲ, ಹೇಳಿದರೆ ಮುಗಿದುಹೋಗುತ್ತದೆ. ಅದೇ ಉಸಿರಿನಲ್ಲಿ, ಹೇಳದಿರಲಿ ದೇವರೇ ಎಂದೂ ಅಂದುಕೊಂಡ. ದೂಮಪ್ಪ ಅವನತ್ತ ತಿರುಗಲೇ ಇಲ್ಲ. ಬಗ್ಗಿ, ಫಲಕದ ಮೇಲೆ ಬಿದ್ದಿದ್ದ ಪೆಟ್ರೋಲನ್ನು ಕರವಸ್ತ್ರದಿಂದ ಒರೆಸಿ, "ಸಾಬ್ ನೇ ಬೋಲಾ, ಮೈನೇ ಕಿಯಾ, ಮೇಡಂ," ಎಂದ. ಸಾಹೇಬರು ಹೇಳಿದರು, ನಾನು ಮಾಡಿದೆ. ಜುವೈರಿಯಾ ಇನ್ನೂ ಒಂದು ಕ್ಷಣ ನಿಂತು, ತಲೆಯಾಡಿಸಿ, ಅತಿಥಿಗಳ ಕಡೆ ಹೋದಳು. ರಾಜಗೋಪಾಲನಿಗೆ ಮೊದಲು ಬಂದದ್ದು ನಿರಾಳ. ಬೇಸಿಗೆಯಲ್ಲಿ ತಣ್ಣೀರು ಕುಡಿದಂಥ ಗಟ್ಟಿಯಾದ, ನಾಚಿಕೆಯಿಲ್ಲದ ನಿರಾಳ. ಅದು ಇಳಿದ ಮೇಲೆ ಉಳಿದದ್ದು, ಯಾರದೋ ಎಲೆಯಲ್ಲಿ ಉಳಿದದ್ದನ್ನು ತಿಂದ ಹಾಗೆ.

ಹನ್ನೆರಡಕ್ಕೆ ವರ್ಕ್‌ಶಾಪಿನ ವ್ಯಾನು ಹೊರಟಿತು. "ದೂಮಪ್ಪ, ನೀವು ನನ್ನ ಕಾರಲ್ಲಿ ಬನ್ನಿ, ನಾನು ರೂಮಿಗೆ ಬಿಡ್ತೀನಿ," ಎಂದು ರಾಜಗೋಪಾಲ ಕರೆದ. ಕೆಲಸದವರು ಕೂರುವುದಿದ್ದರೆ ಸೀಟಿನ ಮೇಲೆ ಹಾಸಲೆಂದು ಅವನು ಡಿಕ್ಕಿಯಲ್ಲಿ ಹಳೆಯ ಪೇಪರುಗಳನ್ನು ಇಟ್ಟಿರುತ್ತಿದ್ದ. ಇವತ್ತು ಅದರ ಮಾತೆತ್ತಲಿಲ್ಲ. ದೂಮಪ್ಪ ತಾನೇ ಹಿಂದೆ ಹೋಗಿ, ಒಂದು ಪೇಪರು ತಂದು, ಮುಂದಿನ ಸೀಟಿನ ಮೇಲೆ ಮಡಿಕೆ ಬಿಡಿಸಿ ಹಾಸಿ, ಇಸ್ತ್ರಿ ಹಾಕಿದ ಪ್ಯಾಂಟಿನಲ್ಲಿ ಅದರ ಮೇಲೆ ಕುಳಿತ. "ಬೇಡಾಗಿತ್ತು," ಎಂದ ರಾಜಗೋಪಾಲ. "ಇರ್ಲಿ ಸಾರ್, ರೂಢಿ," ಎಂದ ದೂಮಪ್ಪ. ಹೈವೇಯಲ್ಲಿ ಎರಡೂ ಬದಿಯ ಬೋಳು ಗುಡ್ಡಗಳು ಜೂನ್ ತಿಂಗಳ ಬಿಸಿಲಿಗೆ ಬೆಂದು ಬೂದಿಯಾಗಿದ್ದವು. ದೂಮಪ್ಪ ಅಲುಗಾಡಿದಾಗಲೆಲ್ಲ ಪೇಪರು ಸರಪರ ಅನ್ನುತ್ತಿತ್ತು. ಅಷ್ಟು ಸಣ್ಣ ಸದ್ದು ಹಲ್ಲಿನ ಬೇರಿಗೆ ತಾಗಬಹುದೆಂದು ರಾಜಗೋಪಾಲನಿಗೆ ಗೊತ್ತಿರಲಿಲ್ಲ. ಗುಬ್ರಾ ದಾಟುವ ತನಕ ತಡೆದುಕೊಂಡ.

"ದೂಮಪ್ಪ, ಅವರು ಕೇಳಿದಾಗ ಯಾಕೆ ಹಾಗೆ ಹೇಳಿದ್ರಿ? ನಾನು ಹೇಳಿದ ಸ್ಪ್ರಿಂಗು ಯಾವುದೂ ಕೆಲಸ ಮಾಡ್ಲಿಲ್ಲ."

"ಇಲ್ಲ," ಎಂದು ದೂಮಪ್ಪ ಒಪ್ಪಿಕೊಂಡ. "ಅದೆಲ್ಲ ಭಾರಿ ಬಿಗಿ ಇತ್ತು."

"ಮತ್ತೆ?"

ದೂಮಪ್ಪ ಕಿಟಕಿಯಾಚೆ ನೋಡಿದ. ರಾಜಗೋಪಾಲ ಲೇನು ಬದಲಿಸಿದ, ಯಾರೋ ಹಾರನ್ ಹೊಡೆದರು. "ಇನ್ನೊಂದು ವಿಷಯ ಇದೆ," ಎಂದ. "ವೀಸಾದ ಪಟ್ಟಿಯಿಂದ ನಿಮ್ಮ ಹೆಸರು ಬಿಟ್ಟಿದ್ದು ಕಂಪನಿ ಅಲ್ಲ. ನಾನು."

"ಗೊತ್ತುಂಟು ಸಾರ್. ರೋಸ್ ಬಾಯಿ ಹೇಳಿದ್ರು. ಕಣ್ಣು ಮಂಜು ಅಂದಿದ್ರಂತೆ." ಅವನ ಸ್ವರದಲ್ಲಿ ಸಿಟ್ಟಿರಲಿಲ್ಲ. ಕಣ್ಣು ಎಂಬಲ್ಲಿ ಮಾತ್ರ ಮಾತು ಸ್ವಲ್ಪ ತಡೆಯಿತು.

"ಗೊತ್ತಿದ್ದೂ ಹಾಗೆ ಹೇಳಿದ್ರಾ? ನನ್ನನ್ನ ಉಳಿಸೋಕೆ?"

ದೂಮಪ್ಪ ಮೊದಲ ಸಲ ಅವನತ್ತ ತಿರುಗಿದ. ಆ ನೋಟದಲ್ಲಿ ಏನಿತ್ತೆಂದು ರಾಜಗೋಪಾಲನಿಗೆ ಒಮ್ಮೆಲೇ ಹೊಳೆಯಲಿಲ್ಲ, ಯಾಕೆಂದರೆ ಅಂಥ ನೋಟವನ್ನು ಅವನು ಬೇರೆಯವರ ಮೇಲೆ ಹಾಕಿ ಗೊತ್ತಿತ್ತೇ ಹೊರತು ತನ್ನ ಮೇಲೆ ಬಿದ್ದು ಗೊತ್ತಿರಲಿಲ್ಲ. "ಬೇಜಾರು ಮಾಡ್ಬೇಡಿ, ಆಯ್ತಾ? ಕೇಳಿದ್ರಿ ಅಂತ ಹೇಳ್ತೇನೆ. ನಿಮ್ಮನ್ನು ಉಳಿಸ್ಲಿಕ್ಕೆ ಅಲ್ಲ. ಆ ಮೇಡಂ ಕೇಳುವಾಗ ನಾನು ಹಿತ್ತಾಳೆಯ ಬೋರ್ಡು ನೋಡಿದೆ. ನಾನು ನಿಜ ಹೇಳಿದ್ರೆ ಅವರು ಎಂಥ ಮಾಡ್ತಿದ್ರು? ನಿಮ್ಮ ಹೆಸರಿನ ಅಡಿಯಲ್ಲಿ ನನ್ನದೂ ಒಂದು ಹಾಕಿಸ್ತಿದ್ರು. ನಿಮ್ಮ ಹೆಸರಿಗೆ ತಾಗಿ ನನ್ನ ಹೆಸರು. ಅದನ್ನು ಗ್ರಹಿಸುವಾಗ ನನಗೆ ಒಂಥರಾ ಆಯ್ತು ಸಾರ್. ವಾಕರಿಕೆ ಬಂದ ಹಾಗೆ. ಬೇಡ ಅಂತ ಕಂಡಿತು."

ಗ್ಯಾಸ್ಕೆಟ್ ಹೋಗಿದೆ, ಬದಲಾಯಿಸಬೇಕು ಎಂದು ಹೇಳುವ ಅದೇ ದನಿಯಲ್ಲಿ ಹೇಳಿ ದೂಮಪ್ಪ ಮತ್ತೆ ಮುಂದೆ ನೋಡಿದ. ರಾಜಗೋಪಾಲ ಸ್ಟಿಯರಿಂಗನ್ನು ಎರಡೂ ಕೈಯಿಂದ ಹಿಡಿದ. ಎದುರಿನ ಟ್ಯಾಂಕರಿನ ಹಿಂಬದಿ ಸರಿಯಾಗಿ ಕಾಣಲಿಲ್ಲ. ತನ್ನ ಒಳಗೆ ಏನೋ ಕಿರುಚಿಕೊಳ್ಳುತ್ತದೆ ಎಂದು ಕಾದ: ನೀನು ಯಾರು ನನ್ನನ್ನು ಹೇಸಲು, ಏಳನೇ ಕ್ಲಾಸಿನವನು, ಮೀನು ತಿಂದ ಕೈಯವನು. ಅದು ನಿಜವಾಗಿಯೂ ಕಿರುಚಿತು, ಅಮ್ಮನ ಸ್ವರದಲ್ಲಿ, ಹಿತ್ತಲ ಮೆಟ್ಟಿಲಿನಿಂದ. ಕಿರುಚಿ, ಯಾರೂ ಕಿವಿಗೊಡದೆ ತಾನಾಗಿ ನಿಂತುಹೋಯಿತು. ಆಮೇಲೆ ಕಾರಿನಲ್ಲಿ ಪೇಪರಿನ ಸದ್ದು ಮಾತ್ರ.

"ನಾನು ಇವತ್ತೇ ಜುವೈರಿಯಾ ಮೇಡಂ ಹತ್ರ ಮಾತಾಡ್ತೀನಿ," ಎಂದ ರೂವಿಯ ಸಿಗ್ನಲ್ಲಿನಲ್ಲಿ. "ಎಲ್ಲಾ ಹೇಳ್ತೀನಿ. ನಿಮ್ಮ ವೀಸಾ ನಿಲ್ಲಿಸಿದ್ದನ್ನ ವಾಪಸ್ ತೆಗೆಸ್ತೀನಿ. ಇನ್ನೂ ಎರಡು ದಿನ ಇದೆ."

"ಟಿಕೇಟ್ ಆಯ್ತು, ಪೆಟ್ಟಿಗೆ ಕಟ್ಟಿ ಆಯ್ತು. ಬೇಡ." ಸಿಗ್ನಲ್ ಹಸಿರಾದ ಮೇಲೆ ಅವನೇ ಹೇಳಿದ, "ನನಗೆ ಇಲ್ಲಿ ನಿಲ್ಬೇಕು ಅಂತ ಇತ್ತು ಸಾರ್. ಇಲ್ಲ ಅಂತ ಅಲ್ಲ. ಊರಲ್ಲಿ ನನಗೆ ಲೇತ್ ಉಂಟಾ? ಅಣ್ಣನ ಮಗನ ಜಗಲಿಯಲ್ಲಿ ಕೂತು ಟಿವಿ ನೋಡ್ಬೇಕಷ್ಟೆ. ಕೈ ಸುಮ್ಮನೆ ಕೂರುವುದಿಲ್ಲ ನನ್ನದು." ಎರಡೂ ಅಂಗೈಯನ್ನು ತೊಡೆಯ ಮೇಲೆ ಮಗುಚಿ ಹಾಕಿ ನೋಡಿಕೊಂಡ. "ನಿಮಗೆ ಹೇಳ್ಬೇಕು ಅಂತ ಇದ್ರೆ ಹೇಳಿ. ಅದು ನಿಮ್ಮ ವಿಷಯ. ನನಗೋಸ್ಕರ ಅಂತ ಮಾತ್ರ ಹೇಳ್ಬೇಡಿ."

ವಾದಿ ಕಬೀರಿನಲ್ಲಿ, ಟಯರು ಅಂಗಡಿಗಳ ಹಿಂದಿನ ಮೂರು ಮಹಡಿಯ ಕಟ್ಟಡದ ಮುಂದೆ ಕಾರು ನಿಂತಿತು. ಕಿಟಕಿಗಳಲ್ಲಿ ಒಣಹಾಕಿದ್ದ ಬಾಯ್ಲರ್ ಸೂಟುಗಳು ನೇತಾಡುತ್ತಿದ್ದವು. ದೂಮಪ್ಪ ಇಳಿದು, ಪೇಪರನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡ. ರಾಜಗೋಪಾಲನೂ ಇಳಿದು ಸುತ್ತು ಬಂದು ಕೈ ಚಾಚಿದ. ದೂಮಪ್ಪ ಆ ಕೈಯನ್ನು ನೋಡಿ, ಅಷ್ಟೇನೂ ಒರಟಾಗಿ ಅಲ್ಲ, "ಬೇಡ ಸಾರ್. ಮತ್ತೆ ತೊಳ್ಕೊಳ್ಬೇಕಾಗ್ತದೆ," ಎಂದ. ಯಾರು ತೊಳೆದುಕೊಳ್ಳಬೇಕು ಎಂದು ಹೇಳಲಿಲ್ಲ. ಮೆಟ್ಟಿಲು ಹತ್ತಿ ಹೋದ. ಮೇಲಿನಿಂದ ಯಾರೋ ಮೀನು ಹುರಿಯುವ ವಾಸನೆ ಇಳಿದುಬರುತ್ತಿತ್ತು. ರಾಜಗೋಪಾಲ ಆ ವಾಸನೆಯಲ್ಲಿ, ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ, ಬಿಸಿಲಲ್ಲಿ ನಿಂತಿದ್ದ.

ಮವಾಲೇಹ್‌ಗೆ ಹಿಂದಿರುಗಿದಾಗ ಎರಡು ಗಂಟೆ. ಹಾಲ್ ಖಾಲಿಯಾಗಿತ್ತು. ಜುವೈರಿಯಾ ಎಂಜಿನ್ನಿನ ಪಕ್ಕ ಸ್ಟೂಲಿನ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಏನೋ ಮಾಡುತ್ತಿದ್ದಳು. ಅವನು ಕೂರಲಿಲ್ಲ. ನಿಂತುಕೊಂಡೇ ಹೇಳಿದ: ಸ್ಪ್ರಿಂಗಿನ ವಿಷಯ, ರಿಪೋರ್ಟಿನ ವಿಷಯ, ಪಟ್ಟಿಯ ವಿಷಯ, ಇಲ್ಲದ ಕಣ್ಣಿನ ದೋಷದ ವಿಷಯ. ಕೈ ತೊಳೆದದ್ದನ್ನು ಹೇಳಲಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಗೊತ್ತಾಗಲಿಲ್ಲ. ಮುಗಿದ ಮೇಲೆ, "ಅವರ ಪ್ರಯಾಣ ನಿಲ್ಲಿಸಬಹುದಾ? ನಾನು ಈಗಲೇ ಬಾಬಾಗೆ ಫೋನ್ ಮಾಡುತ್ತೇನೆ," ಎಂದಳು.

"ಅವರಿಗೆ ಬೇಡವಂತೆ."

"ನೀವು ಕೇಳಿದಿರಾ, ಅಥವಾ ಇದನ್ನೂ ನೀವೇ ನಿರ್ಧರಿಸಿದಿರಾ?"

ಅವಳು ತಾನೇ ದೂಮಪ್ಪನಿಗೆ ಫೋನ್ ಮಾಡಿ, ದೂರ ಹೋಗಿ, ಬೆನ್ನು ತಿರುಗಿಸಿ ಐದು ನಿಮಿಷ ಮಾತಾಡಿದಳು. ಒಂದು ಸಲ ನಕ್ಕಳು, ಆಮೇಲೆ ಬಹಳ ಹೊತ್ತು ಸುಮ್ಮನಿದ್ದು ಕೇಳಿಸಿಕೊಂಡಳು. ಹಿಂದಿರುಗಿದಾಗ ಅವಳ ಮುಖ ಬಿಗಿದುಕೊಂಡಿತ್ತು. "ಬರುವುದಿಲ್ಲ ಅಂದರು. ಸ್ಪ್ರಿಂಗು ಮುಂದಿನ ವರ್ಷ ಸಡಿಲವಾಗುತ್ತದೆ, ಆಗ ಯಾವ ತಂತಿ ಹಾಕಬೇಕು ಅಂತ ಹೇಳಿದರು. ಬರೆದುಕೊಂಡೆ." ಲ್ಯಾಪ್‌ಟಾಪು ತೆರೆದಳು. "ಹೊಸ ಫಲಕ ಮಾಡಿಸುತ್ತೇನೆ. ನಿಮ್ಮ ಹೆಸರಿನ ಜೊತೆಗೆ ಬೇಡ, ಬೇರೆಯಾಗಿಯಾದರೆ ನನ್ನಿಷ್ಟ ಅಂದರು. ಅವರ ಪೂರ್ತಿ ಹೆಸರು?"

ರಾಜಗೋಪಾಲ ಬಾಯಿ ತೆರೆದ. ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದ್ದ. "ದೂಮಪ್ಪ," ಎಂದ. "ದೂಮಪ್ಪ..." ಮುಂದೆ ಏನೂ ಇರಲಿಲ್ಲ. ರೋಸ್‌ಗೆ ಫೋನ್ ಮಾಡಬೇಕಾಯಿತು. ಅವಳು ಎರಡು ನಿಮಿಷ ಕಾಯಿಸಿ, ಫೈಲು ತಂದು, ಬೇಕೆಂದೇ ಏನೋ, ಎಳೆ ಮಗುವಿಗೆ ಹೇಳುವ ಹಾಗೆ ಒಂದೊಂದೇ ಅಕ್ಷರ ಹೇಳಿದಳು: "ದೂಮಪ್ಪ ಮೂಲ್ಯ. ತಂದೆ ಬಾಬು ಮೂಲ್ಯ. ಕಡೇಶಿವಾಲಯ ಗ್ರಾಮ. ಬರ್ಕೊಂಡ್ರಾ ಸರ್? ಎಂ, ಡಬಲ್ ಓ, ಎಲ್, ವೈ, ಎ." ಅವನು ಭಾಷಣದ ಹಾಳೆಯ ಹಿಂಬದಿಯಲ್ಲಿ ಬರೆದು ಜುವೈರಿಯಾಳ ಮುಂದೆ ಇಟ್ಟ. ಅವಳು ಟೈಪು ಮಾಡಿದಳು, ಅರಬಿಯಲ್ಲಿ ಹೇಗೆ ಬರೆಯುವುದೆಂದು ತುಟಿಯಲ್ಲೇ ಹೇಳಿ ನೋಡಿಕೊಂಡಳು.

ಆಮೇಲೆ, ಪರದೆಯಿಂದ ಕಣ್ಣೆತ್ತದೆ, ಆಫೀಸಿನ ಯಾವುದೋ ಸಣ್ಣ ವಿಷಯ ಕೇಳುವವಳ ಹಾಗೆ ಕೇಳಿದಳು: "ನಿಮ್ಮದು? ಬೇರೆ ಒಂದು ಫಲಕದಲ್ಲಿ, ಆಚೆ ಗೋಡೆಯ ಮೇಲೆ, ಮೇಲ್ವಿಚಾರಣೆ ಅಂತ ಸಣ್ಣದಾಗಿ ಹಾಕಿಸಲೇ? ನೀವೂ ಎರಡು ತಿಂಗಳು ಕೆಲಸ ಮಾಡಿದ್ದೀರಿ."

ಬೇಡ ಎನ್ನಲು ಅವನು ಸಿದ್ಧನಾಗಿಯೇ ಇದ್ದ. ಎರಡೇ ಅಕ್ಷರ. ಆದರೆ ಆ ಕ್ಷಣದಲ್ಲಿ ಆಚೆಯ ಗೋಡೆ ಕಣ್ಣಿಗೆ ಬಿತ್ತು. ಬಿಳಿ ಗೋಡೆ, ಒಳ್ಳೆಯ ಬೆಳಕು. ಅಲ್ಲೊಂದು ಸಣ್ಣ ಹಿತ್ತಾಳೆ, ಯಾರಿಗೂ ತೊಂದರೆ ಇಲ್ಲದ್ದು, ಯಾರ ಹೆಸರಿಗೂ ತಾಗದ್ದು, ಸಾಗರನ ಶಾಲೆಯವರು ಬಂದಾಗ ತೋರಿಸಬಹುದಾದದ್ದು. ಎರಡು ತಿಂಗಳು ನಿದ್ದೆಗೆಟ್ಟದ್ದು ಸುಳ್ಳಲ್ಲವಲ್ಲ. ಅವನು ಆ ಗೋಡೆಯನ್ನು ನೋಡುತ್ತ ನಿಂತ. ಎಷ್ಟು ಹೊತ್ತು ಎಂದು ಅವನಿಗೆ ಗೊತ್ತಾಗಲಿಲ್ಲ. ಕಣ್ಣು ತಿರುಗಿಸಿದಾಗ ಜುವೈರಿಯಾ ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು, ಎಷ್ಟೋ ಹೊತ್ತಿನಿಂದ ನೋಡುತ್ತಿದ್ದವಳ ಹಾಗೆ.

"ಬೇಡ," ಎಂದ.

"ಸರಿ," ಎಂದು ಅವಳು ಬೇಗ ಕಣ್ಣು ಕೆಳಗಿಳಿಸಿದಳು. ನೋಡಬಾರದ್ದನ್ನು ನೋಡಿದವರು ತಿರುಗಿಕೊಳ್ಳುವ ಹಾಗೆ.